ಗೋಡೆ ಮೇಲಿನ ಊಟಿ ಗಿಡ

ಮುಡಿಯಲು ಬಾರದ, ದೇವರಿಗೆ ಏರಿಸಲು ಬಾರದ, ಸಂತೆಯಲ್ಲಿ ಯಾರೂ ಮೊಳ ಹಾಕಿ ಅಳೆಯದ ಒಂದು ಹೂವಿಗಾಗಿ ನಾನು ಊರಲ್ಲಿ ಕಳ್ಳಿ ಎನಿಸಿಕೊಂಡೆ. ಕದ್ದು ಎನಿಸಿಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕದಿಯುವ ಮನಸ್ಸೇ ಇದ್ದಿದ್ದರೆ ನನ್ನ ವಾರಗಿತ್ತಿ ವರಲಕ್ಷ್ಮಿಯ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಸಾಮಾನು ಬೇಕಾದಷ್ಟಿತ್ತು. ಹಿತ್ತಲ ಬಾಗಿಲಿಗೆ ಅವಳು ಚಿಲಕ ಹಾಕುತ್ತಿದ್ದದ್ದೂ ಅಪರೂಪ.

ನಮ್ಮೂರು ತಮಿಳುನಾಡಿನ ಗಡಿಯೊಳಗೆ, ಬಾಗಲೂರಿನಿಂದ ಸ್ವಲ್ಪ ಒಳಗಿದೆ. ಒಂದೇ ಮನೆ, ಮಧ್ಯೆ ಗೋಡೆ ಎದ್ದು ಎರಡಾಯಿತು. ಆ ಕಡೆ ನನ್ನ ಭಾವ ಮುನಿಯಲ್ಲಪ್ಪ ಮತ್ತು ವರಲಕ್ಷ್ಮಿ, ಈ ಕಡೆ ನನ್ನ ಗಂಡ ನರೇಶ್ ಮತ್ತು ನಾನು. ಅಣ್ಣ ತಮ್ಮ ಇಬ್ಬರೂ ಹೊಸೂರಿನ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದರು. ಹಿತ್ತಲಿನ ಗೋಡೆ ಎದೆಮಟ್ಟಕ್ಕೆ ಬಂದಾಗ ಇಟ್ಟಿಗೆ ಮುಗಿದು ಹಾಗೇ ನಿಂತುಹೋಗಿತ್ತು. ಅತ್ತೆ ಬೈರಮ್ಮ ದೊಡ್ಡ ಮಗನ ಪಾಲಿಗೆ ಬಂದರು. ಮಲಗುವುದು ಅಲ್ಲಿ, ಮಧ್ಯಾಹ್ನದ ಮುದ್ದೆ ಮಾತ್ರ ನನ್ನಲ್ಲಿ. ನನ್ನ ಹುರುಳಿಕಾಳಿನ ಸಾರು ಅವರಿಗೆ ಇಷ್ಟ, ವರಲಕ್ಷ್ಮಿಯ ಸಾರಿನಲ್ಲಿ ಜಂಬ ಜಾಸ್ತಿ ಉಪ್ಪು ಕಮ್ಮಿ ಎಂದು ಅವರೇ ಹೇಳುತ್ತಿದ್ದರು.

ಜಂಬವೇನೋ ಇತ್ತು. ವರಲಕ್ಷ್ಮಿಯ ತವರು ಕೆಲಮಂಗಲದ ಕಡೆ, ಗುಲಾಬಿ ತೋಟದವರು. ಗಿಡದ ವಿಷಯದಲ್ಲಿ ತನಗೆ ತಿಳಿಯದ್ದು ಭೂಮಿಯ ಮೇಲೆ ಹುಟ್ಟಿಯೇ ಇಲ್ಲ ಎಂಬ ಮಾತಿನ ಧಾಟಿ. ಆ ತವರಿನಲ್ಲಿ ತೆಲುಗು ಮಾತಾಡುತ್ತಾರೆ, ಹಾಗಾಗಿ ಸಮಾಧಾನದಲ್ಲಿದ್ದಾಗ ಅವಳ ಬಾಯಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ತೆಲುಗು ಚೆನ್ನಾಗಿ ಕಲಿತೆ.

ಒಂದು ವರ್ಷ ಭಾವನ ಕಾರ್ಖಾನೆಯವರು ಕೆಲಸಗಾರರನ್ನೂ ಮನೆಯವರನ್ನೂ ಬಸ್ಸಿನಲ್ಲಿ ಊಟಿಗೆ ಕರೆದುಕೊಂಡು ಹೋದರು. ಎಲ್ಲರೂ ಚಹಾಪುಡಿ, ನೀಲಗಿರಿ ತೈಲ ತಂದರೆ ವರಲಕ್ಷ್ಮಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಿಡ ತಂದಳು. ಚಹಾ ತೋಟದ ಕೆಳಗೆ, ರಸ್ತೆ ಬದಿಯ ಇಳಿಜಾರಿನಲ್ಲಿ ಬೇರು ಸಮೇತ ಕಿತ್ತದ್ದಂತೆ. ಅವರು ಉಳಿದುಕೊಂಡಿದ್ದ ಲಾಡ್ಜಿನ ಮಾಲಿ ಅದನ್ನು ನೋಡಿ, ಇದು ಕಾಡು ಜೆರೇನಿಯಂ, ಒಮ್ಮೆ ಬೇರು ಹಿಡಿದರೆ ಮೇಲಿನದೆಲ್ಲ ಒಣಗಿದರೂ ಬುಡ ಸಾಯುವುದಿಲ್ಲ, ವರ್ಷವರ್ಷವೂ ಎದ್ದು ಬರುತ್ತದೆ ಎಂದನಂತೆ. ಯಾರನ್ನೂ ಕೇಳದೆ ಸರಕಾರದ ಇಳಿಜಾರಿನಿಂದ ಕಿತ್ತು ತಂದದ್ದಕ್ಕೆ ಅವಳನ್ನು ಯಾರೂ ಕಳ್ಳಿ ಎನ್ನಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಗಿಡ ಮೊಣಕಾಲೆತ್ತರವೂ ಇಲ್ಲ. ಎಲೆ ಎಳೆಮಗುವಿನ ಬಿಡಿಸಿದ ಅಂಗೈಯಂತೆ. ಹೂವು ಸಣ್ಣದು, ಐದು ಎಸಳು, ತಿಳಿ ನೇರಳೆ, ಹತ್ತಿರ ಬಂದು ನೋಡಿದರೆ ಎಸಳಿನ ಮೇಲೆ ಕೂದಲೆಳೆಯಂಥ ಗೆರೆಗಳು. ವಾಸನೆ ಇಲ್ಲ. ಬೆಳಿಗ್ಗೆ ಕಿತ್ತರೆ ಮಧ್ಯಾಹ್ನಕ್ಕೆ ಎಸಳು ಉದುರುತ್ತದೆ. ಉದುರಿದ ಮೇಲೆ ಆ ಜಾಗದಲ್ಲಿ ಕೊಕ್ಕರೆಯ ಕೊಕ್ಕಿನಂಥ ಮೊನೆ ಬೆಳೆಯುತ್ತದೆ. ಸೇವಂತಿಗೆ, ಕನಕಾಂಬರ ಬೆಳೆಯುವ ಊರಲ್ಲಿ ಇದನ್ನು ಹೂವು ಎನ್ನುವುದಕ್ಕೇ ಧೈರ್ಯ ಬೇಕು. ಆದರೆ ಅದು ಊಟಿಯಿಂದ ಬಂದದ್ದು. ವರಲಕ್ಷ್ಮಿ ಬಣ್ಣ ಬಳಿದ ಸಿಮೆಂಟು ಕುಂಡದಲ್ಲಿ ಅದನ್ನು ನೆಟ್ಟು, ಕುಂಡವನ್ನು ನಮ್ಮಿಬ್ಬರ ಮಧ್ಯದ ಗೋಡೆಯ ಮೇಲೆ ಇಟ್ಟಳು. ನಾನು ಒಗೆಯುವ ಕಲ್ಲಿನ ಮುಂದೆ ನಿಂತರೆ ಮೂಗಿನ ನೇರಕ್ಕೆ ಕಾಣಬೇಕು, ಅದಕ್ಕೇ ಅಲ್ಲಿ.

ನಾನೂ ಮನುಷ್ಯಳೇ, ಆಸೆಯಾಯಿತು. ಕೇಳಿದೆ.

"ಅಕ್ಕ, ಒಂದು ಕಡ್ಡಿ ಕೊಡು, ನಾನೂ ನೆಟ್ಕೊತೀನಿ."

"ಕಡ್ಡಿ ನೆಟ್ರೆ ಬರಾಕಿಲ್ಲ ಇದು. ಬೇರೇ ಬೇಕು. ಬೇರು ಕೊಟ್ಬುಟ್ರೆ ನಂಗೇನು ಉಳೀತದೆ?" ಎಂದಳು. ಆಮೇಲೆ ಸೇರಿಸಿದಳು, "ಬೇಕಿದ್ರೆ ನೀನೂ ಹೋಗ್ಬಾ ಊಟಿಗೆ. ನಿನ್ನ ಗಂಡನ ಕಂಪನೀಲಿ ಕರ್ಕೊಂಡೋಗಾಕಿಲ್ವಾ?"

ಕರೆದುಕೊಂಡು ಹೋಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ಬಕೆಟ್ಟು ಎತ್ತಿಕೊಂಡು ಒಳಗೆ ಹೋದೆ. ಅವಳು ಕೊಡಲಿಲ್ಲ ಎಂದು ಅತ್ತೆಗೂ, ಕೊಳಾಯಿಯ ಹತ್ತಿರ ಸಿಕ್ಕಿದ ನಾಲ್ಕು ಜನಕ್ಕೂ ಹೇಳಿದೆ. ಹೇಳಬಾರದಿತ್ತು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆದರೆ ಮುಂದೆ ಅದೇ ಸಾಕ್ಷಿಯಾಯಿತು.

ಮುಂದಿನ ಮಳೆಗಾಲದಲ್ಲಿ ಒಗೆಯುವ ಕಲ್ಲಿನ ಪಕ್ಕ, ಗೋಡೆಯ ಬುಡದಲ್ಲಿ, ಏನೋ ಕಳೆ ಎದ್ದಿತು. ಕೀಳಲು ಬಗ್ಗಿದವಳು ಎಲೆ ನೋಡಿ ಕೈ ಹಿಂದಕ್ಕೆ ತೆಗೆದೆ. ಅಂಗೈ ಎಲೆ. ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಸುತ್ತ ಮಣ್ಣು ಸಡಿಲ ಮಾಡಿ, ಹಳೆಯ ಸಗಣಿ ಪುಡಿ ಒಂದು ಹಿಡಿ ಹಾಕಿ, ಸೋಪಿನ ನೀರು ಹರಿಯದಂತೆ ಕಲ್ಲು ಅಡ್ಡ ಇಟ್ಟೆ. ಅಲ್ಲಿ ಬೆಳಗಿನ ಬಿಸಿಲು, ಹತ್ತು ಗಂಟೆಯ ಮೇಲೆ ಗೋಡೆಯ ನೆರಳು, ನೆಲ ಯಾವಾಗಲೂ ತಣ್ಣಗೆ. ಗಿಡಕ್ಕೆ ಬೇಕಾಗಿದ್ದದ್ದು ಅದೇ. ಗೋಡೆಯ ಮೇಲಿನ ಕುಂಡದಲ್ಲಿ ದಿನವಿಡೀ ಬಿಸಿಲು, ಜೊತೆಗೆ ತವರಿನ ಅಭ್ಯಾಸದಂತೆ ವರಲಕ್ಷ್ಮಿ ಗುಲಾಬಿಗೆ ಹಾಕುವ ಗೊಬ್ಬರವನ್ನೆಲ್ಲ ಅದಕ್ಕೂ ಸುರಿಯುತ್ತಿದ್ದಳು. ಬೆಟ್ಟದ ಕಳೆಗೆ ಮದುವೆ ಊಟ ಬಡಿಸಿದರೆ ಅಜೀರ್ಣವಾಗದೆ ಇರುತ್ತದೆಯೇ? ಅವಳದ್ದು ಎಲೆ ಅಂಚು ಸುಟ್ಟು ಸೊರಗಿತು, ನನ್ನದು ಹೊದರಾಗಿ ಹೂವಿಟ್ಟಿತು.

ಅವಳು ತಾರಸಿಯ ಮೇಲೆ ಮೆಣಸಿನಕಾಯಿ ಹರವಲು ಹತ್ತಿದ್ದಾಗ ನೋಡಿದಳು.

"ಏನೇ ಆದಿ, ಅದೇನೇ ಅದು ಒಗಿಯೋ ಕಲ್ಲತ್ರ?"

"ಗಿಡ."

"ಯಾವ ಗಿಡ?"

"ಕಣ್ಣು ಕಾಣಾಕಿಲ್ವಾ ಅಕ್ಕ? ಊಟಿ ಗಿಡ."

"ಎಲ್ಲಿಂದ ಬಂತು?"

"ತಾನೇ ಬಂತು."

ಅದು ನಿಜ. ಆದರೆ ಲೋಕದಲ್ಲಿ ಕಳ್ಳರೆಲ್ಲ ಹೇಳುವ ಮಾತೂ ಅದೇ. ವರಲಕ್ಷ್ಮಿ ತೆಲುಗಿಗೆ ತಿರುಗಿದಳು. ದೊಂಗ ಎಂದಳು. ಸಂಜೆಯೊಳಗೆ ಆ ಮಾತು ಕೊಳಾಯಿಗೆ ಬಂದು ಕನ್ನಡದಲ್ಲಿ ಕಳ್ಳಿಯಾಯಿತು, ಪಡಿತರ ಅಂಗಡಿಯ ಸಾಲಿಗೆ ಹೋಗಿ ತಮಿಳಿನಲ್ಲಿ ತಿರುಡಿಯಾಯಿತು. ಮೂರು ಭಾಷೆ ಬರುವ ಊರಲ್ಲಿ ಬದುಕುವುದರ ಸುಖ ಇದು, ಒಂದೇ ಬೈಗುಳಕ್ಕೆ ಮೂರು ಸಲ ಉರಿಯಬೇಕು.

ನಮ್ಮ ಕಡೆ ಒಂದು ಮಾತಿದೆ. ಕೇಳಿ ತಂದ ಗಿಡ ಕೊರಗುತ್ತದೆ, ಕದ್ದು ತಂದ ಗಿಡ ಕೊಬ್ಬುತ್ತದೆ. ವೀಳ್ಯದೆಲೆ ಬಳ್ಳಿಯಿರಲಿ, ಕರಿಬೇವಿನ ಸಸಿಯಿರಲಿ, ಎಲ್ಲರೂ ಎಲ್ಲರ ಮನೆಯಿಂದ ಚಿವುಟಿ ತಂದವರೇ. ನೋಡಿದರೂ ನೋಡದ ಹಾಗೆ ಇರುವುದು ಮರ್ಯಾದೆ. ಈಗ ನನ್ನ ಗಿಡ ಕೊಬ್ಬಿತ್ತು. ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಜಗಳ ಗಂಡಸರಿಗೆ ಹತ್ತಿ, ಅಣ್ಣ ತಮ್ಮ ಕೈ ಎತ್ತುವ ಮಟ್ಟಕ್ಕೆ ಹೋದಾಗ ಮುನೇಶ್ವರನ ಗುಡಿಯ ಮುಂದೆ ನಾಲ್ಕು ಜನ ಸೇರಿದರು. ಪೂಜಾರಿ ಬಚ್ಚಪ್ಪ ಒಳ್ಳೆಯ ಮನುಷ್ಯ, ಬೇಗ ಮುಗಿಸಿ ಮನೆಗೆ ಹೋಗುವ ಆಸೆಯವನು.

"ಹೂಂ ಅಂದ್ಬುಡಮ್ಮ," ಎಂದ ನನಗೆ. "ಗಿಡ ಕದಿಯಾದು ಕಳ್ತನ ಅಲ್ಲ. ನನ್ನೆಂಡ್ರು ಕದ್ದವ್ಳೆ, ನಿಮ್ಮತ್ತೆ ಕದ್ದವ್ಳೆ. ನಕ್ಕೊಂಡು ಹೂಂ ಅನ್ನು, ಎಲ್ಲಾ ಎದ್ದೋಗಾನ."

"ಕದ್ದಿದ್ರೆ ಅಂತಿದ್ದೆ. ಕದ್ದಿಲ್ಲ."

"ಮತ್ತೆ ಹೆಂಗೆ ಬಂತು?"

"ನಂಗೊತ್ತಿಲ್ಲ."

ಜನ ನಕ್ಕರು. ಆ ನಗುವಿನಲ್ಲಿ ನನ್ನ ಮೈ ಹೊತ್ತಿಕೊಂಡಿತು. ಆಗ ವರಲಕ್ಷ್ಮಿ ಸೆರಗು ಬಿಗಿದುಕೊಂಡು ಮುಂದೆ ಬಂದಳು.

"ಅಂಗಾದ್ರೆ ಕರ್ಪೂರ ಆರ್ಸಿ ಆಣೆ ಮಾಡ್ಲಿ."

ಮುನೇಶ್ವರನ ಮುಂದೆ ಉರಿಯುವ ಕರ್ಪೂರವನ್ನು ಬರಿಗೈಯಲ್ಲಿ ಒತ್ತಿ ಆರಿಸುವುದು ದೊಡ್ಡ ಆಣೆ. ಸುಳ್ಳಾದರೆ ದೇವರು ಕೆಡುಕು ತೋರಿಸುತ್ತಾನೆ. ಅದಕ್ಕಿಂತ ಕಷ್ಟದ್ದು ಆಮೇಲಿನದು. ಆಣೆ ಮಾಡಿದ ಮನೆಗೂ ಮಾಡಿಸಿದ ಮನೆಗೂ ಆವತ್ತಿನಿಂದ ನೀರಿಲ್ಲ, ಬೆಂಕಿಯಿಲ್ಲ, ಒಬ್ಬರ ಮದುವೆಗೆ ಒಬ್ಬರು ಇಲ್ಲ, ಹೆಣಕ್ಕೂ ಇಲ್ಲ. ಆಣೆ ಮಾಡಿಸಿದವರೇ ಅದೇ ಜಾಗಕ್ಕೆ ಬಂದು, ನನ್ನ ಮಾತು ತಪ್ಪಿತ್ತು ಎಂದು ಬಿಡಿಸುವ ತನಕ ಹಾಗೆಯೇ. ನಮ್ಮೂರಲ್ಲಿ ಅಜ್ಜಂದಿರ ಕಾಲದ ಆಣೆಗಳು ಇನ್ನೂ ಬಿಡದೆ ನಿಂತಿವೆ, ಎದುರು ಬದುರು ಮನೆಯವರು ಮುಖ ತಿರುಗಿಸಿಕೊಂಡು ಓಡಾಡುತ್ತಾರೆ.

ಅತ್ತೆ ನೆಲ ಹಿಡಿದು ಎದ್ದು ಬಂದರು. "ಆಣೆ ಬ್ಯಾಡ ಕಣಮ್ಮಿ. ಒಂದು ಕಳೆ ಗಿಡಕ್ಕೆ ಮನೆ ಒಡ್ಕೊಬ್ಯಾಡ್ರಿ. ನಾನೆಲ್ಲಿ ನೀರು ಕುಡೀಲಿ?"

ಅವರು ನನ್ನನ್ನು ನೋಡಿ ಹೇಳಿದರು. ವರಲಕ್ಷ್ಮಿಯನ್ನು ನೋಡಿ ಹೇಳಬೇಕಿತ್ತು ಎಂದು ನನಗೆ ಇನ್ನೂ ಸಿಟ್ಟು ಬಂತು. ಬಚ್ಚಪ್ಪ ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿದ. ನಾನು ಅಂಗೈ ಒತ್ತಿದೆ. ವರಲಕ್ಷ್ಮಿಯ ಮುಖ ನೋಡುತ್ತಲೇ ಒತ್ತಿದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ದೇವರೂ ನನ್ನ ಪಕ್ಷ ವಹಿಸಲಿಲ್ಲ. ಕೈಯ ಬೊಬ್ಬೆ ಒಣಗುವ ಮೊದಲೇ ಕಾರ್ಖಾನೆಯಲ್ಲಿ ನರೇಶನ ಬೆರಳ ತುದಿ ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋಯಿತು. ಅದೇ ವರ್ಷ ಆ ಮಿಷನ್ನಿಗೆ ಇನ್ನೂ ಎಷ್ಟೋ ಜನರ ಬೆರಳು ಹೋಗಿತ್ತು, ಅವರ ಹೆಂಡಿರು ಯಾರ ಗಿಡ ಕದ್ದಿದ್ದರೋ ನಾನು ಕಾಣೆ. ಊರಿನವರು ಮಾತ್ರ ಮುನೇಶ್ವರ ತೋರಿಸಿಬಿಟ್ಟ ಎಂದರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದಕ್ಕಾಗುವುದಿಲ್ಲ. ನರೇಶ್ ಬ್ಯಾಂಡೇಜು ಕಟ್ಟಿದ ಕೈ ಹಿಡಿದುಕೊಂಡು, "ಆ ದರಿದ್ರ ಗಿಡ ಕಿತ್ತಾಕು," ಎಂದ.

"ಕಿತ್ತಾಕಿದ್ರೆ ಕದ್ದಿದ್ದು ಒಪ್ಕೊಂಡಂಗೆ," ಎಂದೆ.

ಹೀಗೆ, ಇಷ್ಟವೇ ಹೊರಟುಹೋಗಿದ್ದ ಒಂದು ಗಿಡವನ್ನು ನಾನು ಹಟಕ್ಕೆ ಬೆಳೆಸಿದೆ. ಬೆಳೆಸಿದರೆ ಸಾಲದು, ಅವಳ ಕಣ್ಣು ಕುಕ್ಕುವಂತೆ ಬೆಳೆಸಬೇಕು. ಬೇಸಗೆಯಲ್ಲಿ ಎಲೆ ಕೆಂಪಗಾಗಿ ಒಣಗಿ ನೆಲ ಹಿಡಿಯಿತು. ತಾರಸಿಯಿಂದ ನೋಡಿ ವರಲಕ್ಷ್ಮಿ, ಕದ್ದದ್ದು ದಕ್ಕಲಿಲ್ಲ ಎಂದು ಗಾಳಿಗೆ ಹೇಳಿದಳು. ನಾನು ಬುಡ ಕೆದಕಿ ನೋಡಿದೆ. ಒಳಗೆ ಕಂದು ಗಡ್ಡೆ ಗಟ್ಟಿಯಾಗಿತ್ತು. ಒಣಗಿದ ಕಡ್ಡಿ ಕತ್ತರಿಸಿ, ತೆಂಗಿನ ನಾರು, ಒಣ ಎಲೆ ಮುಚ್ಚಿ, ಎರಡು ದಿನಕ್ಕೊಮ್ಮೆ ಸಂಜೆ ಒಂದು ಚೊಂಬು ನೀರು. ಮೊದಲ ಮಳೆಗೆ ಅಂಗೈಗಳು ಮತ್ತೆ ಎದ್ದವು. ನನಗೂ ಒಳಗೆ ಏನೋ ಎದ್ದು ನಿಂತಂತಾಯಿತು. ಗಡ್ಡೆಯನ್ನು ಎರಡಾಗಿ ಸೀಳಿ ಒಂದು ಭಾಗವನ್ನು ಮಣ್ಣಿನ ಕುಂಡದಲ್ಲಿ ನೆಟ್ಟೆ. ಅಷ್ಟು ಹೊತ್ತಿಗೆ ವರಲಕ್ಷ್ಮಿಯ ಗಿಡ ಪೂರ್ತಿ ಸತ್ತು, ಬಣ್ಣದ ಕುಂಡ ಮೂಲೆ ಸೇರಿತ್ತು. ನನ್ನ ಕುಂಡವನ್ನು ಅವಳು ಇಡುತ್ತಿದ್ದ ಜಾಗದಲ್ಲೇ, ಗೋಡೆಯ ಮೇಲೆ, ದಾಸವಾಳದ ನೆರಳು ಬೀಳುವ ಹಾಗೆ ಇಟ್ಟೆ.

ಅತ್ತೆ ನನ್ನ ಮನೆಯಲ್ಲಿ ಊಟ ಬಿಟ್ಟರು. ಬಿಡಲೇಬೇಕಿತ್ತು, ಅವರು ಆ ಮನೆಯವರು. ಆದರೂ ಮಧ್ಯಾಹ್ನ ಹಿತ್ತಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದರು. ಒಳಗೆ ಹುರುಳಿಕಾಳು ಬೇಯುವ ವಾಸನೆ ಬರುತ್ತಿತ್ತು. ಬೇಸಗೆಯಲ್ಲಿ ಅವರ ತುಟಿ ಒಣಗಿರುವುದು ಕಾಣುತ್ತಿತ್ತು. ಒಂದು ಲೋಟ ನೀರು ಕೊಡುವುದಕ್ಕೆ ನನಗೆ ಕೈಯಿರಲಿಲ್ಲ. ಆ ಹೊತ್ತಿನಲ್ಲೆಲ್ಲ ವರಲಕ್ಷ್ಮಿಯ ಮೇಲೆ ಬರುತ್ತಿದ್ದ ದ್ವೇಷವನ್ನು ನಾನು ಯಾರಿಗೂ ಹೇಳಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಅವಳು ನಾಲ್ಕು ಜನರ ಮುಂದೆ ತನ್ನ ಬಾಯಿಂದ, ಇವಳು ಕದ್ದಿಲ್ಲ, ಎನ್ನಬೇಕು.

ಸರಕಾರದ ಪುಕ್ಕಟೆ ಕಲರ್ ಟಿವಿ ಮನೆಮನೆಗೆ ಬಂದ ವರ್ಷ ಎಂದು ಕಾಣುತ್ತದೆ. ಹಿತ್ತಲಲ್ಲಿ ಮಂಚದ ಮೇಲೆ ಬಿಳಿ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಸಂಡಿಗೆಯ ಮೇಲೆ ಅಲ್ಲಲ್ಲಿ ಕಪ್ಪು ಕಾಳು. ಇಲಿ ಹಿಕ್ಕೆಯೇನೋ ಎಂದು ಬೈಯುತ್ತಾ ಆರಿಸುತ್ತಿದ್ದೆ. ಚಟ್ ಎಂದು ಸಣ್ಣ ಸದ್ದಾಯಿತು, ಕಪ್ಪು ಕಾಳೊಂದು ನನ್ನ ಕೆನ್ನೆಗೆ ಬಡಿಯಿತು.

ತಿರುಗಿ ನೋಡಿದೆ. ಗೋಡೆಯ ಮೇಲಿನ ಕುಂಡದಲ್ಲಿ ಹೂವು ಮುಗಿದು ಕೊಕ್ಕುಗಳು ಒಣಗಿ ಕಪ್ಪಾಗಿದ್ದವು. ಹತ್ತಿರ ಹೋಗಿ ಉಸಿರು ಬಿಗಿಹಿಡಿದು ನಿಂತೆ. ಒಂದು ಕೊಕ್ಕು ಬುಡದಿಂದ ಬಿರಿದು, ಐದು ಎಳೆಗಳು ಚಟ್ಟನೆ ಮೇಲಕ್ಕೆ ಸುರುಳಿಯಾದವು. ಕವಣೆಯಿಂದ ಕಲ್ಲು ಹೊಡೆದಂತೆ ಬೀಜಗಳು ಹಾರಿದವು. ಒಂದು ಮಂಚ ದಾಟಿ ಬಚ್ಚಲ ಬಾಗಿಲಿಗೆ ಹೋಗಿ ಬಿತ್ತು. ಒಂದು ಗೋಡೆಯಾಚೆಗೆ, ವರಲಕ್ಷ್ಮಿಯ ಹಿತ್ತಲಿಗೆ ಬಿತ್ತು.

ನನ್ನ ಮೂಗಿನ ನೇರಕ್ಕೆ ಕಾಣಲಿ ಎಂದು ಅವಳು ತಾನೇ ಗೋಡೆಯ ಮೇಲೆ ಇಟ್ಟ ಗಿಡ, ತಾನೇ ನನ್ನ ಹಿತ್ತಲಿಗೆ ಬೀಜ ಎಸೆದಿತ್ತು. ಅಳು ಬಂತು, ನಗುವೂ ಬಂತು. ಆಮೇಲೆ ಎರಡನ್ನೂ ಬಿಟ್ಟು ಸಿಟ್ಟು ಬಂತು, ಅದೇ ನನಗೆ ಒಗ್ಗುವುದು.

ಅತ್ತೆಯನ್ನು ಕರೆದು ತೋರಿಸಿದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಕಾದರು. ಚಟ್ ಎಂದಾಗ ಬೆಚ್ಚಿಬಿದ್ದರು. "ಎಲಾ ಇದರ," ಎಂದರು. "ಕಾಲಿಲ್ದೆ ನೆಗೀತದಲ್ಲ." ಬಚ್ಚಪ್ಪನನ್ನೂ ಕರೆಸಿದೆ. ಅವನೂ ನೋಡಿದ. ತಲೆ ಕೆರೆದುಕೊಂಡ.

"ಬೀಜ ಹಾರೋದು ದಿಟ ಕಣಮ್ಮ. ಆದ್ರೆ ಅವತ್ತು ಹಾರಿದ್ದನ್ನ ಯಾರು ಕಂಡ್ರು? ನಾನು ನೋಡಿದ್ದಕ್ಕೆ ಆಣೆ ಬಿಡಾಕಿಲ್ಲ. ಆಣೆ ಮಾಡ್ಸಿದೋಳೇ ಬಂದು ಬಿಡಿಸ್ಬೇಕು. ವರಲಕ್ಷ್ಮಮ್ಮ ಒಂದು ಮಾತು ಹೇಳ್ಲಿ."

ಅತ್ತೆ ಹೋಗಿ ಅವಳಿಗೆ ಹೇಳಿದರು. ವರಲಕ್ಷ್ಮಿ, "ನಿಮ್ಮ ಕಣ್ಣು ಮಂಜು ಅತ್ತೆ, ಅವಳು ತೋರ್ಸಿದ್ದೆಲ್ಲಾ ಕಾಣ್ತದೆ," ಎಂದಳಂತೆ.

ಆದರೆ ಅವಳಿಗೆ ಗೊತ್ತಿತ್ತು. ಆ ಮಳೆಗಾಲದಲ್ಲಿ ಅವಳ ಹಿತ್ತಲಲ್ಲಿ, ಕಲ್ಲುಚಪ್ಪಡಿಗಳ ಸಂದಿಯಲ್ಲಿ, ಬಚ್ಚಲ ನೀರಿನ ಕಾಲುವೆಯ ಪಕ್ಕ, ಅಂಗೈ ಎಲೆಗಳು ಎದ್ದಿದ್ದನ್ನು ನಾನು ಗೋಡೆಯ ಮೇಲಿಂದ ಬಗ್ಗಿ ನೋಡಿದೆ. ನಾನು ಅವಳ ಮನೆಗೆ ಹೋಗಿ ನೆಟ್ಟೆನೆಂದು ಅವಳಿಗೂ ಹೇಳಲಾಗದು. ಬೆಳಿಗ್ಗೆ ಯಾರೂ ಏಳುವ ಮೊದಲೇ ಅವಳು ಆ ಸಸಿಗಳನ್ನು ಕಿತ್ತು ಒಲೆಗೆ ಹಾಕುತ್ತಿದ್ದಳು. ಕೀಳುವವಳು ಒಂದು ದಿನ ತಲೆ ಎತ್ತಿದಾಗ ಗೋಡೆಯ ಈಚೆ ನಾನಿದ್ದೆ. ಅವಳ ಮುಷ್ಟಿಯಲ್ಲಿ ಸಸಿಗಳಿದ್ದವು. ಅವಳು ಮುಷ್ಟಿಯನ್ನು ಸೆರಗಿನೊಳಗೆ ಮರೆಮಾಡಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಈಗ ಯಾರು ಕಳ್ಳಿ ಅಕ್ಕ?" ಎಂದೆ. ಅವಳು ಸರಸರನೆ ಒಲೆಯ ಕಡೆ ನಡೆದಳು.

ಅವಳು ಆಣೆ ಬಿಡಿಸಲಿಲ್ಲ. ನಾನು ಬಿಡಿಸು ಎಂದು ಬೇಡಲಿಲ್ಲ. ಇಬ್ಬರ ಮಧ್ಯೆ ಸೊರಗಿದ್ದು ಅತ್ತೆ. ಒಂದು ಚಳಿಗಾಲದಲ್ಲಿ ಜ್ವರ ಬಂದು ಹಾಸಿಗೆ ಹಿಡಿದರು, ಹೇಗೋ ಎದ್ದರು. ಎದ್ದವರು ಹಿತ್ತಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದರು, "ನಾನು ಸತ್ರೆ ನರೇಶ ಬಂದು ಹೊರಂಗಿಲ್ಲ, ಅಲ್ವಾ?"

"ಅದನ್ನ ನಿಮ್ಮ ದೊಡ್ಸೊಸೇನ ಕೇಳ್ರಿ," ಎಂದೆ.

"ಕೇಳ್ದೆ. ಅವಳು ನಿನ್ನ ಕೇಳು ಅಂದ್ಲು."

ಆಮೇಲೆ ಬಂದ ಶುಕ್ರವಾರ ಬಚ್ಚಪ್ಪ ಎರಡು ಮನೆಗೂ ಹೇಳಿಕಳಿಸಿದ, ಗುಡಿಯ ಹತ್ತಿರ ಬರಬೇಕಂತೆ, ಅತ್ತೆ ಕರೆಸಿದ್ದಾರಂತೆ. ವರಲಕ್ಷ್ಮಿ ಕೊನೆಗೂ ಸೋತಳು ಎಂದುಕೊಂಡು ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಅವಳೂ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅವಳೂ ಹಾಗೆಯೇ ಅಂದುಕೊಂಡಿರಬೇಕು. ಗಂಡಸರು, ಕೊಳಾಯಿಯ ಹೆಂಗಸರು, ಹಿಂದೆ ನಕ್ಕವರು ಎಲ್ಲರೂ ಇದ್ದರು.

ಅತ್ತೆ ಗುಡಿಯ ಕಲ್ಲಿನ ಮುಂದೆ ನಿಂತು, ಒದರದೆ, ಹಾಲು ಕರೆಯುವ ವಿಷಯ ಹೇಳುವಂತೆ ಹೇಳಿದರು.

"ಆ ಗಿಡದ ಬೇರು ಮುರ್ದು ಈ ಕಡೆ ನೆಟ್ಟೋಳು ನಾನು. ಚಿಕ್ಕೋಳು ಆಸೆ ಪಟ್ಲು, ದೊಡ್ಡೋಳು ಕೊಡ್ನಿಲ್ಲ. ನಾನೇ ಕದ್ದು ನೆಟ್ಟೆ. ಇವಳಿಗೆ ಗೊತ್ತಿಲ್ಲ. ಹೇಳಾಕೆ ನಾಚ್ಕೆ ಆಯ್ತು, ಹೇಳ್ನಿಲ್ಲ."

ಹೇಳಿ, ನಾನು ಬಾಯಿ ತೆರೆಯುವ ಮೊದಲೇ, ಉರಿಯುತ್ತಿದ್ದ ಕರ್ಪೂರದ ಮೇಲೆ ತಮ್ಮ ಅಂಗೈ ಇಟ್ಟರು.

ಸುಳ್ಳು. ಬೀಜ ಹಾರಿದ್ದನ್ನು ನನ್ನ ಪಕ್ಕದಲ್ಲೇ ನಿಂತು ನೋಡಿದವರು ಮುನೇಶ್ವರನ ಮುಂದೆ ಸುಳ್ಳು ಆಣೆ ಮಾಡಿದರು. ನನ್ನ ಬಾಯಲ್ಲಿ ನಿಜ ಬಂದು ನಿಂತಿತ್ತು. ಅತ್ತೆ ನನ್ನ ಕಡೆ ನೋಡಿದರು, ಅಡುಗೆಮನೆಯಲ್ಲಿ ಹಾಲು ಉಕ್ಕುವಾಗ ಸುಮ್ಮನಿರು ಎನ್ನುವಂತೆ ನೋಡಿದರು. ನಾನು ವರಲಕ್ಷ್ಮಿಯನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಇಡೀ ಊರಲ್ಲಿ ಅದು ಸುಳ್ಳು ಎಂದು ಖಾತ್ರಿಯಾಗಿ ಗೊತ್ತಿದ್ದವರು ನಾವು ಮೂವರು ಮತ್ತು ಬಚ್ಚಪ್ಪ. ಬಚ್ಚಪ್ಪ ಆಗಲೇ ಚೊಂಬಿಗೆ ನೀರು ತುಂಬಿಸುತ್ತಿದ್ದ.

ಊರಿಗೆ ಬಹಳ ಸಮಾಧಾನವಾಯಿತು. ಕದ್ದ ಗಿಡವೇ ಕೊಬ್ಬಿದ್ದು ಎಂದು ಗಾದೆ ಉಳಿಯಿತು. ಗಿಡ ಕದ್ದದ್ದು ನಿಜ ಎಂದು ವರಲಕ್ಷ್ಮಿಯ ಮಾತು ಉಳಿಯಿತು. ನಾನು ಕಳ್ಳಿಯಲ್ಲ ಎಂದು ನನ್ನದೂ ಉಳಿಯಿತು. ಕದ್ದವಳೇ ಒಪ್ಪಿಕೊಂಡ ಮೇಲೆ ಬಿಡಿಸುವ ಮಾತು ಬೇಕಿಲ್ಲ, ಆಣೆ ತಾನೇ ಬಿಟ್ಟಿತು ಎಂದು ಬಚ್ಚಪ್ಪ ನಮ್ಮಿಬ್ಬರ ಬೊಗಸೆಗೆ ಒಂದೇ ಚೊಂಬಿನಿಂದ ನೀರು ಹಾಕಿದ. ನಾನು ಕುಡಿದೆ, ಅವಳೂ ಕುಡಿದಳು.

ಆ ಮಧ್ಯಾಹ್ನ ಅತ್ತೆ ನನ್ನ ಮನೆಯೊಳಗೆ ಬಂದು ಕೂತರು. ಬಲಗೈ ಬೊಬ್ಬೆಯೆದ್ದಿತ್ತು, ಮುದ್ದೆ ಮುರಿಯಲಾಗುತ್ತಿರಲಿಲ್ಲ. ನಾನೇ ತುತ್ತು ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಇಡುತ್ತಾ ಬೈದೆ.

"ದೇವ್ರ ಮುಂದೆ ಸುಳ್ಳು ಹೇಳಾಕೆ ನಿಮಗೆ ಹೆದ್ರಿಕೆ ಆಗ್ನಿಲ್ವಾ?"

"ಅವನಿಗೆ ಎಲ್ಲಾ ಗೊತ್ತು ಬುಡು," ಎಂದರು, ತುತ್ತು ನುಂಗಿ. "ಅವನಿಗೂ ಇಬ್ರು ಸೊಸೇರಿದ್ದು ಮಧ್ಯ ಸಿಕ್ಕಾಕೊಂಡಿದ್ರೆ ಇದೇ ಹೇಳ್ತಿದ್ದ. ನೀರು ಕೊಡು."

ಲೋಟದ ನೀರನ್ನು ಒಂದೇ ಗುಕ್ಕಿಗೆ ಕುಡಿದು, ಇನ್ನೊಂದು ಕೇಳಿದರು. ರಾತ್ರಿಯೂಟಕ್ಕೆ ಆ ಮನೆಯಲ್ಲಿ ವರಲಕ್ಷ್ಮಿ ತುತ್ತು ಇಡುತ್ತಿದ್ದಳಂತೆ.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಊರು ಎಂದರೆ ಊರು. ಗಿಡ ಕದ್ದದ್ದನ್ನು ಯಾರೂ ತಪ್ಪು ಎನ್ನಲಿಲ್ಲ. ಹಿಡಿದುಕೊಂಡದ್ದು ಬೇರೆ ಎಳೆಯನ್ನು. ಸೊಸೆ 'ಕಳ್ಳಿ' ಎನಿಸಿಕೊಂಡು ಕೈ ಸುಟ್ಟುಕೊಳ್ಳುವಾಗ ಪಕ್ಕದಲ್ಲೇ ನಿಂತು ಬಾಯಿ ಬಿಡದ ಮುದುಕಿ, ಮಗನ ಬೆರಳು ಹೋದಾಗಲೂ ಬಿಡದ ಮುದುಕಿ. ಅತ್ತೆ ಬೀದಿಯಲ್ಲಿ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ನನ್ನ ಮೈಯಿಂದ ತೆಗೆದ ಹೆಸರನ್ನು ಅವರ ಮೈಗೆ ಉಡಿಸಿದ್ದರು. ಅದನ್ನು ನೋಡಿಕೊಂಡು ಸುಮ್ಮನಿರಲು ಆಗದು, ಆದರೆ ನಾನು ನಿಜ ಹೇಳಿದರೆ ಅವರು ಸುಳ್ಳು ಆಣೆ ಮಾಡಿದವರಾಗುತ್ತಾರೆ. ಹೀಗೂ ಇಲ್ಲ, ಹಾಗೂ ಇಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ.

ಒಂದು ಬೆಳಿಗ್ಗೆ ಕೊಳಾಯಿಯ ಸಾಲಿನಲ್ಲಿ ನಾನಿದ್ದೆ, ನನ್ನ ಮುಂದೆ ವರಲಕ್ಷ್ಮಿ. ನೀರು ಕುಡಿದು ಆಣೆ ಬಿಟ್ಟಿದ್ದರೂ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಕೊಡಕ್ಕೆ ನೀರು ಹಿಡಿಯುತ್ತಿದ್ದ ಅಕ್ಕಯಮ್ಮ ಪಕ್ಕದವಳಿಗೆ, ನಮಗೆ ಕೇಳಲಿ ಎಂದೇ ಹೇಳಿದಳು.

"ಎಂಥಾ ಗಟ್ಟಿ ಎದೆ ಆ ಬೈರಮ್ಮಂದು. ಸೊಸೆ ಕೈ ಬೇಯ್ತಿದ್ರೂ ನೋಡ್ಕೊಂಡು ನಿಂತಿದ್ಲಲ್ಲ. ಕಲ್ಲು ಮುದುಕಿ."

ನಾನು ಕೊಡ ಕೆಳಗಿಟ್ಟೆ. ಅಕ್ಕಯಮ್ಮನ ಜುಟ್ಟಿಗೆ ಕೈ ಹಾಕುವುದೋ, ಬಾಯಿ ಹಾಕುವುದೋ ಎಂದು ಇನ್ನೂ ತೀರ್ಮಾನಿಸಿರಲಿಲ್ಲ. ಅಷ್ಟರಲ್ಲಿ ವರಲಕ್ಷ್ಮಿ ಮುಂದೆ ಹೋಗಿ ಕೊಳಾಯಿ ತಿರುಗಿಸಿ ನೀರು ನಿಲ್ಲಿಸಿದಳು. ಸಿಟ್ಟಿನಲ್ಲಿದ್ದಳು, ಆದರೂ ಕನ್ನಡದಲ್ಲೇ ಹೇಳಿದಳು.

"ನಮ್ಮತ್ತೆ ಕದ್ದಿಲ್ಲ. ಯಾರೂ ಕದ್ದಿಲ್ಲ. ಆ ಗಿಡದ ಬೀಜ ಹಾರ್ತದೆ. ನನ್ನ ಹಿತ್ಲಿಗೂ ಬಂದು ಬಿದ್ದವೆ, ನನ್ನ ಕೈಯಾರೆ ಕಿತ್ತಿದೀನಿ."

ಅಕ್ಕಯಮ್ಮ ಕಣ್ಣು ಅಗಲಿಸಿ, "ಮತ್ತೆ ಕರ್ಪೂರ ಯಾಕೆ ಆರ್ಸಿದ್ಲು?" ಎಂದಳು.

"ಅದು ನಮ್ಮನೆ ವಿಷ್ಯ. ನೀನು ನೀರು ಹಿಡ್ಕೊಂಡು ಹೋಗು."

ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಯಾರೂ ಕದ್ದಿಲ್ಲ. ನಾಲ್ಕು ಜನರ ಮುಂದೆ, ಅವಳದೇ ಬಾಯಿಂದ ಬಂದಿತ್ತು. ಆದರೆ ಅವಳು ಅದನ್ನು ನನಗಾಗಿ ಹೇಳಿರಲಿಲ್ಲ, ಅತ್ತೆಗಾಗಿ ಹೇಳಿದ್ದಳು. ಹೇಳುವಾಗ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ನನ್ನ ಕೈ ಬೆಂದಾಗ ಬಾರದ ಮಾತು ಮುದುಕಿಯ ಕೈ ಬೆಂದಾಗ ಬಂತು. ನನಗೆ ಉರಿ ಎದ್ದಿತು, ಆದರೂ ಅವಳ ಮೇಲೆ ಎಂದೂ ಇಲ್ಲದ ಒಂದು ಮರ್ಯಾದೆಯೂ ಆ ಉರಿಯ ಜೊತೆಗೇ ಎದ್ದಿತು, ಅದು ನನಗೆ ಇನ್ನಷ್ಟು ಕೋಪ ತರಿಸಿತು.

ಅಕ್ಕಯಮ್ಮ ನನ್ನ ಕಡೆ ತಿರುಗಿದಳು. "ದಿಟವೇನಮ್ಮಿ ಆದಿ?"

ಹೇಳುವುದಕ್ಕೆ ನೂರು ಮಾತು ಕೂಡಿಟ್ಟಿದ್ದೆ. ಗೋಡೆಯ ಮೇಲಿನ ಕುಂಡ, ಗುಲಾಬಿ ಗೊಬ್ಬರ, ಸೆರಗಿನಲ್ಲಿ ಬಚ್ಚಿಟ್ಟ ಸಸಿ, ಎಲ್ಲ ನಾಲಗೆಯ ತುದಿಯಲ್ಲಿತ್ತು.

"ಹೌದು," ಎಂದೆ. "ಹಾರ್ತದೆ."

ವರಲಕ್ಷ್ಮಿ ತನ್ನ ಕೊಡ ತುಂಬಿಸಿಕೊಂಡಳು. ತುಂಬಿದ ಕೊಡದ ಪಕ್ಕ ನಿಂತು, ಬೀದಿಯ ಕಡೆ ನೋಡುತ್ತಾ, ಯಾರಿಗೆಂದು ಹೇಳದೆ, "ಕೈ ಹಾಕು," ಎಂದಳು. ನಾನು ಬಗ್ಗಿ ಕೊಡ ಎತ್ತಿ ಅವಳ ಸೊಂಟಕ್ಕೆ ಇಟ್ಟೆ. ಇಡುವಾಗ ಬೇಕಂತಲೇ ಸ್ವಲ್ಪ ಬಾಗಿಸಿದೆ, ತಣ್ಣೀರು ಅವಳ ಸೀರೆಯ ನೆರಿಗೆಯ ಉದ್ದಕ್ಕೂ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ನಾನೂ ಅಯ್ಯೋ ಎನ್ನಲಿಲ್ಲ.